ಸೀರೆ ಮೊದಲೋ, ಮುಖ ಮೊದಲೋ?

ಕೋಲಸಿರ್ಸಿಯ ನಮ್ಮ ದೊಡ್ಡಾಯಿ ಚಾಲಿ ಆರಿಸಲಿಕ್ಕೆ ಕೂರುವುದು ಬೆಳಿಗ್ಗೆ ಹತ್ತರ ಮೇಲೆಯೇ. ಅಂಗಳದ ಬಿಸಿಲೂ ಬೇಡ, ಒಳಗಿನ ಕತ್ತಲೆಯೂ ಬೇಡ; ಜಗಲಿಯ ತುದಿಯಲ್ಲಿ, ಮಾಡಿನ ನೆರಳು ಮುಗಿಯುವ ಜಾಗದಲ್ಲಿ ಕಂಬಳಿ ಹಾಸಿಕೊಳ್ಳುತ್ತಾಳೆ. ಎರಡು ಬೆರಳ ನಡುವೆ ಅಡಿಕೆ ಒಂದು ಸುತ್ತು ತಿರುಗುವಷ್ಟರಲ್ಲಿ ಚಾಲಿ, ಬಿಳೆಗೋಟು, ಕೋಕ ಎಂದು ಅದರದರ ಗುಡ್ಡೆಗೆ ಬಿದ್ದಾಯಿತು. ದೀಪ ಹಾಕಿದ ಮೇಲೆ ಒಂದನ್ನೂ ಮುಟ್ಟುವುದಿಲ್ಲ. “ಲೈಟಿನ ಬೆಳಕಲ್ಲಿ ಕೋಕನೂ ಚಾಲಿ ಹಂಗೇ ಕಾಣ್ತು” ಎನ್ನುವುದು ಅವಳ ಶಾಸ್ತ್ರ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆಗೆ 2019ರಲ್ಲಿ ‘ಶಿರಸಿ ಸುಪಾರಿ’ ಎಂಬ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಆದರೆ ವಖಾರಿಯಲ್ಲಾಗಲಿ, 1923ರಲ್ಲಿ ಹುಟ್ಟಿದ ಟಿಎಸ್‌ಎಸ್ ಸಹಕಾರ ಸಂಘದ ಅಂಗಳದಲ್ಲಾಗಲಿ ದರ ಕುದುರುವಾಗ ಬಣ್ಣ ನೋಡುವ ಕಣ್ಣಿಗೇ ಈಗಲೂ ಬೆಲೆ.

ತಂಗಿಯ ಮದುವೆಗೆಂದು ನಾನೊಂದು ಪೀಚ್ ಬಣ್ಣದ ರೇಷ್ಮೆ ಸೀರೆ ಕೊಂಡಿದ್ದೆ. ಅಂಗಡಿಯ ಬೆಳ್ಳನೆ ದೀಪದಡಿ ಹೆಗಲ ಮೇಲೆ ಹಾಕಿ ತೋರಿಸಿದಾಗ ಬೇರೆ ಯಾವುದೂ ಬೇಡವೆನಿಸಿತ್ತು. ಮನೆಗೆ ತಂದು ಅದೇ ಜಗಲಿಯ ತುದಿಯಲ್ಲಿ ಉಟ್ಟು ನಿಂತೆ. ದೊಡ್ಡಾಯಿ ಅಡಿಕೆಯಿಂದ ಕಣ್ಣೆತ್ತಿ ನೋಡಿದಳು. “ಸೀರೆ ಚೊಲೋ ಇದ್ದು ತಂಗಿ, ನಿಂಗೆ ಒಪ್ತಿಲ್ಲೆ. ಮೊದ್ಲು ಸೀರೆ ಬತ್ತು, ಆಮೇಲೆ ನೀ ಬತ್ತೆ.” ಮದುವೆಯ ಆಲ್ಬಮ್ಮಿನಲ್ಲಿ ನಾನು ಜ್ವರ ಬಿಟ್ಟು ಎದ್ದವಳ ಹಾಗಿದ್ದೇನೆ.

ಹೀಗೆ ಒಪ್ಪುವುದು, ಒಪ್ಪದಿರುವುದಕ್ಕೆ ಪಶ್ಚಿಮದಲ್ಲಿ ಒಂದು ಪದ್ಧತಿಯೇ ಬೆಳೆದಿದೆ. ಈಗ ಫೋನಿನಲ್ಲೆಲ್ಲ ಅದರದೇ ಸದ್ದು: ನೀವು ‘ಸ್ಪ್ರಿಂಗೋ’, ‘ಸಮ್ಮರೋ’, ‘ಆಟಮ್ಮೋ’, ‘ವಿಂಟರೋ’? ಚರ್ಮ, ಕೂದಲು, ಕಣ್ಣು ಮೂರನ್ನೂ ನೋಡಿ ಮನುಷ್ಯರನ್ನು ನಾಲ್ಕು ಋತುಗಳಿಗೆ ಹಂಚಿ, ಒಂದೊಂದಕ್ಕೂ ಬಣ್ಣದ ಪಟ್ಟಿ ಕೊಡುವ ಲೆಕ್ಕ ಇದು. ಜರ್ಮನಿಯ ಬೌಹೌಸ್ ಶಾಲೆಯಲ್ಲಿ 1919ರಿಂದ 1923ರವರೆಗೆ ಪಾಠ ಹೇಳಿದ ಯೋಹಾನೆಸ್ ಇಟೆನ್, ವಿದ್ಯಾರ್ಥಿಗಳು ತಾವಾಗಿ ಆರಿಸಿಕೊಳ್ಳುವ ಬಣ್ಣಗಳು ಅವರವರ ಮೈಬಣ್ಣ, ಕೂದಲಿಗೆ ಹೊಂದಿರುವುದನ್ನು ಗಮನಿಸಿದರು. ಅಮೆರಿಕದ ಸುಝಾನ್ ಕೇಗಿಲ್ ಋತುಗಳ ಲೆಕ್ಕವನ್ನು ಉಡುಪಿಗೆ ತಂದರು. 1980ರಲ್ಲಿ ಕೆರೋಲ್ ಜಾಕ್ಸನ್ ಬರೆದ ‘ಕಲರ್ ಮಿ ಬ್ಯೂಟಿಫುಲ್’ ಅದನ್ನು ಮನೆಮನೆಗೆ ಮುಟ್ಟಿಸಿತು. ಆಮೇಲೆ ನಾಲ್ಕು ಹನ್ನೆರಡಾಯಿತು, ಕೆಲವರ ಕೈಯಲ್ಲಿ ಹದಿನಾರೂ ಆಯಿತು.

ನಮಗೆ ತೊಡಕಾಗುವುದು ಇಲ್ಲೇ. ಹೊಂಗೂದಲು, ನೀಲಿಗಣ್ಣು, ಬೇಸಿಗೆಯಲ್ಲಿ ಚುಕ್ಕೆ ಏಳುವ ಬಿಳಿ ಚರ್ಮ ಇವನ್ನೆಲ್ಲ ಬೇರ್ಪಡಿಸಲು ಹುಟ್ಟಿದ ಚೌಕಟ್ಟು ಅದು. ಕಪ್ಪು ಕೂದಲು, ಕಪ್ಪು ಕಣ್ಣಿನವರೆಲ್ಲ ಹಳೆಯ ಪುಸ್ತಕಗಳಲ್ಲಿ ಬಹುಪಾಲು ಚಳಿಗಾಲದ ಬುಟ್ಟಿಗೇ ಬೀಳುತ್ತಿದ್ದರು. ಆ ಲೆಕ್ಕದಲ್ಲಿ ಇಡೀ ಉತ್ತರ ಕನ್ನಡ ಜಿಲ್ಲೆಗೆ ಒಂದೇ ಬುಟ್ಟಿ ಸಾಕು! ನಮ್ಮ ಮಾತಿನಲ್ಲೇ ಇದಕ್ಕಿಂತ ಸೂಕ್ಷ್ಮವಿದೆ. ಗೋಧಿಬಣ್ಣ, ಎಣ್ಣೆಗೆಂಪು, ಎಣ್ಣೆಗಪ್ಪು, ಸಾದಗಪ್ಪು ಅನ್ನುತ್ತೇವಲ್ಲ, ಬಣ್ಣ ಎಷ್ಟು ಗಾಢ ಎಂಬುದರ ಜೊತೆಗೆ ಅದರೊಳಗೆ ಯಾವ ಛಾಯೆ ಇದೆ ಎಂಬುದೂ ಆ ಪದಗಳಲ್ಲೇ ಇದೆ. ಎಣ್ಣೆಗೆಂಪಿನವಳಿಗೂ ಸಾದಗಪ್ಪಿನವಳಿಗೂ ಒಂದೇ ಸೀರೆ ಒಂದೇ ಥರ ಕಾಣುವುದಿಲ್ಲವೆಂಬುದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು.

ಹಾಗೆಂದು ಆ ಪದ್ಧತಿಯನ್ನು ಪೂರ್ತಿ ಎಸೆಯಬೇಕಿಲ್ಲ. ಋತುಗಳ ಹೆಸರು ತೆಗೆದುಬಿಟ್ಟರೆ ಒಳಗೆ ಉಳಿಯುವುದು ಮೂರು ಪ್ರಶ್ನೆ. ನಿಮ್ಮ ಚರ್ಮದ ಒಳಬಣ್ಣ ಹಳದಿಯ ಕಡೆಗೋ, ನೀಲಿ-ಗುಲಾಬಿಯ ಕಡೆಗೋ? ಚರ್ಮಕ್ಕೂ ಕೂದಲಿಗೂ ಕಣ್ಣಿಗೂ ನಡುವಿನ ಅಂತರ ಹೆಚ್ಚೋ ಕಡಿಮೆಯೋ? ನಿಮಗೆ ಅಚ್ಚ ಬಣ್ಣ ಒಪ್ಪುತ್ತದೋ, ಮಂದ ಬಣ್ಣವೋ? ಈ ಮೂರಕ್ಕೆ ಉತ್ತರ ಸಿಕ್ಕರೆ ಋತು ಯಾವುದಾದರೇನು.

ಬಟ್ಟೆ ಮುಖಕ್ಕೆ ಏನು ಮಾಡುತ್ತದೆ

ಎರಡು ಕೆಲಸ ಮಾಡುತ್ತದೆ, ಅದೂ ಒಂದಕ್ಕೊಂದು ವಿರುದ್ಧವಾಗಿ. ಕೊರಳ ಬಳಿಯ ಬಟ್ಟೆ ತನ್ನ ಮೇಲೆ ಬಿದ್ದ ಬೆಳಕನ್ನು ಮೇಲಕ್ಕೆ ಚೆಲ್ಲುತ್ತದೆ. ಗದ್ದದ ಅಡಿ, ಮೂಗಿನ ಪಕ್ಕ, ಕಣ್ಣ ಕೆಳಗಿನ ನೆರಳುಗಳಿಗೆ ಬಟ್ಟೆಯ ಬಣ್ಣ ಅಂಟುತ್ತದೆ. ಹೊಳೆಯುವ ರೇಷ್ಮೆ, ಸ್ಯಾಟಿನ್‌ಗಳಲ್ಲಿ ಇದು ಹೆಚ್ಚು. ಒರಟು ಹತ್ತಿಯಲ್ಲಿ ಕಡಿಮೆ. ಇನ್ನೊಂದು ಕೆಲಸ ನಡೆಯುವುದು ನೋಡುವವರ ಕಣ್ಣಿನೊಳಗೆ. ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆಮನೆಯಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಕರಾಗಿದ್ದ ರಸಾಯನಶಾಸ್ತ್ರಜ್ಞ ಶೆವ್ರಾಲ್ ಅವರಿಗೆ, ಕಪ್ಪು ನೂಲಿನ ಬಣ್ಣ ಕಳೆಗುಂದಿದೆ ಎಂಬ ದೂರು ಬರುತ್ತಿತ್ತಂತೆ. ಪರೀಕ್ಷಿಸಿದರೆ ಬಣ್ಣದಲ್ಲಿ ದೋಷವೇ ಇಲ್ಲ. ಪಕ್ಕದಲ್ಲಿ ನೇಯ್ದ ಬಣ್ಣಗಳಿಂದ ಕಪ್ಪು ಹಾಗೆ ಕಾಣುತ್ತಿತ್ತು. 1839ರಲ್ಲಿ ಅವರು ಇದರ ಮೇಲೆ ದೊಡ್ಡ ಗ್ರಂಥವನ್ನೇ ಬರೆದರು. ಯಾವುದೇ ಬಣ್ಣ ಪಕ್ಕದ್ದನ್ನು ತನ್ನಿಂದ ದೂರ ತಳ್ಳುತ್ತದೆ. ಹಸಿರು ಸೀರೆ ಪಕ್ಕದ ತುಟಿಯನ್ನು ಇನ್ನಷ್ಟು ಕೆಂಪಾಗಿಸಿದರೆ, ಅದೇ ಹಸಿರು ಗದ್ದದ ನೆರಳಿಗೆ ಪಾಚಿ ಬಳಿಯುತ್ತದೆ. ನಿಮ್ಮ ಮುಖದ ಮೇಲೆ ಇವೆರಡರಲ್ಲಿ ಯಾವುದು ಗೆಲ್ಲುತ್ತದೆ ಎಂಬುದನ್ನು ಚಾರ್ಟ್ ನೋಡಿ ಹೇಳಲಾಗುವುದಿಲ್ಲ, ಬಟ್ಟೆ ಇಟ್ಟೇ ನೋಡಬೇಕು.

ಒಳಬಣ್ಣ ತಿಳಿಯಲು ಮುಂಗೈಯ ನರ ನೋಡಿ, ಹಸಿರಾದರೆ ಬೆಚ್ಚಗಿನದು, ನೀಲಿಯಾದರೆ ತಂಪಿನದು ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ನಮ್ಮಲ್ಲಿ ಅರ್ಧ ಜನರಿಗೆ ನರವೇ ಸರಿಯಾಗಿ ಕಾಣುವುದಿಲ್ಲ, ಕಂಡವರಿಗೆ ಎಲ್ಲವೂ ಹಸಿರು. ಅದನ್ನು ಬಿಟ್ಟುಬಿಡಿ. ಚಿನ್ನ ಒಪ್ಪುತ್ತದೋ ಬೆಳ್ಳಿಯೋ ಎಂಬ ಪರೀಕ್ಷೆಯೂ ಅಷ್ಟೇ. ಹುಟ್ಟಿದಾಗಿನಿಂದ ಚಿನ್ನ ಕಂಡ ಕಣ್ಣಿಗೆ ಚಿನ್ನವೇ ಚೆಂದ.

ಜಗಲಿಯ ಪರೀಕ್ಷೆ

ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ಹೊತ್ತು ಒಳ್ಳೆಯದು. ನೇರ ಬಿಸಿಲು ಬೀಳದ, ಆದರೆ ಆಕಾಶ ಕಾಣುವ ಜಾಗ ಬೇಕು. ಉತ್ತರದ ಕಿಟಕಿ ಇದ್ದರೆ ಅದಕ್ಕಿಂತ ಬೇರೆ ಬೇಡ. ನಮ್ಮ ಕಡೆ ಎರಡು ಎಚ್ಚರಿಕೆ ಬೇಕು. ಕೆಂಪು ಗಾರೆಯ ನೆಲವಿದ್ದರೆ ಅದು ಕೆಳಗಿನಿಂದ ಮುಖಕ್ಕೆ ಕೆಂಪು ಚೆಲ್ಲುತ್ತದೆ, ಕಾಲಬುಡದಲ್ಲಿ ಬಿಳಿ ಪಂಚೆ ಹಾಸಿಕೊಳ್ಳಿ. ಎದುರಿಗೆ ಅಡಿಕೆ ತೋಟ ಒತ್ತಿಕೊಂಡಿದ್ದರೆ ಅದರ ಹಸಿರಿನಲ್ಲಿ ಎಲ್ಲರೂ ಕಾಮಾಲೆಯವರಂತೆ ಕಾಣುತ್ತಾರೆ, ಆ ಕಡೆಗೆ ಬೆನ್ನು ಮಾಡಿ. ಆಷಾಢದ ಕಾರ್ಮೋಡದ ದಿನ ಬೇಡ, ಆಗ ನಮ್ಮೂರಿನಲ್ಲಿ ಮಧ್ಯಾಹ್ನವೂ ಸಂಜೆಯಂತಿರುತ್ತದೆ. ಹಗುರ ಮೋಡವಾದರೆ ಅಡ್ಡಿಯಿಲ್ಲ.

ಮುಖ ತೊಳೆದು ಒರೆಸಿ. ಪೌಡರ್, ಲಿಪ್‌ಸ್ಟಿಕ್ ಬೇಡ. ಅರಿಶಿನ ಹಚ್ಚಿ ಮೀಯುವ ರೂಢಿಯವರು ಎರಡು ದಿನ ಮೊದಲೇ ನಿಲ್ಲಿಸಿ, ಇಲ್ಲದಿದ್ದರೆ ಅರಿಶಿನದ ಒಳಬಣ್ಣವನ್ನೇ ನಿಮ್ಮದೆಂದು ತಿಳಿದೀರಿ. ಕೂದಲಿಗೆ ಬಣ್ಣ ಹಚ್ಚಿದ್ದರೆ ಬಿಳಿ ಟವೆಲ್ ಸುತ್ತಿ. ಕನ್ನಡಿ ಇಟ್ಟುಕೊಳ್ಳಿ, ಸಾಧ್ಯವಾದರೆ ಮುಲಾಜಿಲ್ಲದೆ ಮಾತಾಡುವ ಒಬ್ಬರನ್ನೂ ಕೂರಿಸಿಕೊಳ್ಳಿ. ಅತ್ತೆ-ಸೊಸೆ ಈ ಕೆಲಸಕ್ಕೆ ಒಟ್ಟಿಗೆ ಕೂರುವುದು ಬೇಡವೆಂದು ನನ್ನ ಅಭಿಪ್ರಾಯ.

ಮೊದಲು ಎರಡು ಬಿಳಿ. ನೀಲಿ ಹಾಕಿ ಒಗೆದ ಅಚ್ಚ ಬಿಳಿ ಪಂಚೆ ಒಂದು, ನೀಲಿ ಕಾಣದ ಕೋರಾ ಬಟ್ಟೆ ಇನ್ನೊಂದು. ಒಂದನ್ನು ಗದ್ದದ ಕೆಳಗೆ ಒತ್ತಿ ಹಿಡಿದು ಹತ್ತು ಎಣಿಸಿ, ಕಣ್ಣು ಮುಚ್ಚಿ ಇನ್ನೊಂದಕ್ಕೆ ಬದಲಿಸಿ ಕಣ್ಣು ಬಿಡಿ. ನೋಡಬೇಕಾದದ್ದು ಬಟ್ಟೆಯನ್ನಲ್ಲ, ಕಣ್ಣ ಕೆಳಗಿನ ಕಪ್ಪು, ಬಾಯಿಯ ಸುತ್ತಲಿನ ನೆರಳು, ಗದ್ದದ ಗೆರೆ ಇವನ್ನು. ಒಪ್ಪುವ ಬಿಳಿಯಲ್ಲಿ ನೆರಳು ತಿಳಿಯಾಗಿ ಇಡೀ ಮುಖ ಒಂದೇ ಬಣ್ಣಕ್ಕೆ ಬರುತ್ತದೆ. ಒಪ್ಪದ್ದರಲ್ಲಿ ಮುಖ ತುಂಡುತುಂಡಾಗಿ ಕಾಣುತ್ತದೆ: ಹಣೆ ಒಂದು ಬಣ್ಣ, ಕೆನ್ನೆ ಒಂದು ಬಣ್ಣ. ಕೋರಾ ಒಪ್ಪಿದರೆ ನಿಮ್ಮದು ಬೆಚ್ಚಗಿನ ಒಳಬಣ್ಣ, ನೀಲಿ ಬಿಳಿ ಒಪ್ಪಿದರೆ ತಂಪಿನದು.

ಇದನ್ನು ಎರಡು ಕೆಂಪಿನಲ್ಲಿ ಖಚಿತ ಮಾಡಿಕೊಳ್ಳಿ. ಕಾವಿಯ ಕಡೆಗೆ ವಾಲಿದ ಇಟ್ಟಿಗೆ ಕೆಂಪು ಒಂದು. ಮುರುಗಲು ಹಣ್ಣನ್ನು ಹಿಚುಕಿದಾಗ ಬೆರಳಿಗೆ ಹತ್ತುವ, ನೇರಳೆ ಬೆರೆತ ಕೆಂಪು ಒಂದು. ಕೆಂಪು ಎಲ್ಲರಿಗೂ ಒಪ್ಪುತ್ತದೆ ಎನ್ನುತ್ತಾರಲ್ಲ, ಅದು ನಿಜವೇ, ಆದರೆ ಯಾವ ಕೆಂಪು ಎನ್ನುವುದು ಒಬ್ಬೊಬ್ಬರಿಗೆ ಒಂದು. ಎರಡು ಕೆಂಪೂ ಒಪ್ಪಿದರೆ ಗಾಬರಿ ಬೇಡ. ನಡುವಿನ ಒಳಬಣ್ಣದವರು ನಮ್ಮಲ್ಲಿ ಬಹಳ ಜನ. ಅವರಿಗೆ ನವಿಲು ಬಣ್ಣ, ಬದನೆಕಾಯಿ ಬಣ್ಣ, ಅತ್ತ ಕಿತ್ತಳೆಯೂ ಅಲ್ಲದ ಇತ್ತ ಗುಲಾಬಿಯೂ ಅಲ್ಲದ ಕುಂಕುಮದ ಕೆಂಪು ಎಲ್ಲ ಬಣ್ಣಗಳಿಗಿಂತ ಮೊದಲು ಕೈಗೆತ್ತಿಕೊಳ್ಳಬೇಕಾದವು.

ಎರಡನೆಯ, ಅಂತರದ ಪ್ರಶ್ನೆಗೆ ಫೋನ್ ಉಪಯೋಗಕ್ಕೆ ಬರುತ್ತದೆ. ಮುಖದ ಫೋಟೊ ತೆಗೆದು ಕಪ್ಪುಬಿಳುಪಿಗೆ ಬದಲಿಸಿ. ಕೂದಲು-ಹುಬ್ಬು ಕಪ್ಪಾಗಿ, ಮುಖ ತಿಳಿಯಾಗಿ, ಎರಡರ ನಡುವೆ ದೊಡ್ಡ ಅಂತರ ಕಂಡರೆ ಗಾಢ ಸೀರೆಗೆ ತಿಳಿ ಅಂಚಿನಂಥ ಎದ್ದು ಕಾಣುವ ಜೋಡಿಗಳು ಒಪ್ಪುತ್ತವೆ. ಎಲ್ಲ ಒಂದೇ ಬೂದಿನೊಳಗೆ ಬೆರೆತಂತಿದ್ದರೆ ಒಂದೇ ಬಣ್ಣದ ಏರಿಳಿತದ ಸೀರೆಗಳು ಮೃದುವಾಗಿ ಕೂರುತ್ತವೆ. ಬಣ್ಣದ ಪರೀಕ್ಷೆಗೆ ಮಾತ್ರ ಫೋನನ್ನು ನಂಬಬೇಡಿ. ಕಿತ್ತಳೆ ಬಟ್ಟೆ ಹಿಡಿದ ಕೂಡಲೇ ಕ್ಯಾಮೆರಾ ತಾನಾಗಿಯೇ ಚಿತ್ರವನ್ನು ನೀಲಿಯ ಕಡೆಗೆ ತಿರುಗಿಸಿಬಿಡುತ್ತದೆ. ಸೀರೆ ಬದಲಾದ ಹಾಗೆ ನಿಮ್ಮ ಮುಖದ ಬಣ್ಣವನ್ನೂ ಅದೇ ಬದಲಿಸುತ್ತಿರುತ್ತದೆ.

ಕೊನೆಯದಾಗಿ, ಅಚ್ಚವೋ ಮಂದವೋ ಎಂಬುದಕ್ಕೆ ಗಿಳಿಹಸಿರು ಒಮ್ಮೆ, ಒಣಗಿದ ಪಾಚಿಯ ಹಸಿರು ಒಮ್ಮೆ. ಕಣ್ಣು ಮುಚ್ಚಿ ಬಿಟ್ಟಾಗ ಮೊದಲು ಕಂಡದ್ದು ಏನು? ಬಟ್ಟೆಯಾದರೆ ಆ ಬಣ್ಣ ನಿಮಗಿಂತ ಜೋರು. ಮುಖವೂ ಬಟ್ಟೆಯೂ ಮಬ್ಬಾಗಿ ಕಂಡರೆ ಬಣ್ಣ ನಿಮಗಿಂತ ಸಪ್ಪೆ. ಪರೀಕ್ಷೆಯಲ್ಲಿ ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಇದೇ. ಇಷ್ಟದ ಬಣ್ಣವಾದರೆ ಕಣ್ಣು ಪಕ್ಷಪಾತ ಮಾಡುತ್ತದೆ.

ನಮ್ಮ ಋತುಗಳಲ್ಲಿ ಹೇಳುವುದಾದರೆ

ಯುರೋಪಿನ ‘ಸಮ್ಮರ್’ ಪಟ್ಟಿಯನ್ನು ಬೇಸಿಗೆ ಎಂದು ಅನುವಾದಿಸಿದರೆ ದಾರಿ ತಪ್ಪುತ್ತೇವೆ. ಅಲ್ಲಿರುವುದು ಮಂಜು ಕವಿದ ನೀಲಿ, ಬೂದು ಗುಲಾಬಿ, ತಿಳಿ ನೇರಳೆ. ಏಪ್ರಿಲ್‌ನ ಶಿರಸಿಯಲ್ಲಿ ಈ ಬಣ್ಣ ಎಲ್ಲಿದೆ? ಅದು ನಮ್ಮ ಶ್ರಾವಣ. ಹಾಗಾಗಿ ನಾನು ನನ್ನ ಅನುಕೂಲಕ್ಕೆ ಹೆಸರು ಬದಲಿಸಿಕೊಂಡಿದ್ದೇನೆ.

ಬೆಚ್ಚಗಿನ ಒಳಬಣ್ಣ, ತಿಳಿ ಮತ್ತು ಅಚ್ಚ ಬಣ್ಣ ಒಪ್ಪುವವರು ಚಿಗುರುಗಾಲದವರು. ಮಾವಿನ ಚಿಗುರಿನ ತಾಮ್ರ, ಅಬ್ಬಲಿಗೆ, ಗಿಳಿಹಸಿರು, ಜೇನುಬಣ್ಣ ಅವರವು. ತಂಪಿನ ಒಳಬಣ್ಣ, ಮಂದ ಬಣ್ಣ ಒಪ್ಪುವವರು ಮಳೆಗಾಲದವರು: ಈರುಳ್ಳಿ ಸಿಪ್ಪೆಯ ಗುಲಾಬಿ, ಬೂದು ನೀಲಿ, ಹೊಗೆ ಬಣ್ಣ, ಕಲ್ಲಿನ ಮೇಲಿನ ಹಾವಸೆಯ ನೀಲಿಹಸಿರು. ಬೆಚ್ಚಗೆ, ಗಾಢ, ತುಸು ಮಂದ ಎಂದಾದರೆ ಅದು ಕೊನೆಕೊಯ್ಲಿನ ಕಾಲ. ಬೇಯಿಸಿ ಒಣಹಾಕಿದ ರಾಶಿ ಅಡಿಕೆಯ ಕೆಂಪುಕಂದು, ಸಾಸಿವೆ, ಅರಿಶಿನಕೊಂಬು, ಮೆಹಂದಿ ಹಸಿರು ಎಲ್ಲ ಅಂಗಳದಲ್ಲೇ ಹರಡಿರುತ್ತವೆ. ತಂಪು, ಗಾಢ, ಅಚ್ಚ ಎಂದಾದವರಿಗೆ ಮಾಗಿಯ ರಾತ್ರಿ: ಕಪ್ಪು, ಅಚ್ಚ ಬಿಳಿ, ಮುರುಗಲು ಕೆಂಪು, ರಾಣಿ ಬಣ್ಣ, ಗಾಢ ನೀಲಿ.

ಹೆಸರು ಮುಖ್ಯವಲ್ಲ, ಗೆರೆಯೂ ಗಟ್ಟಿಯಲ್ಲ. ನಮ್ಮ ಚೊಗರನ್ನೇ ನೋಡಿ. ಅಡಿಕೆ ಬೇಯಿಸಿದ ಚೊಗರಿನಲ್ಲಿ ಹತ್ತಿ ಅದ್ದಿದರೆ ಗುಲಾಬಿ ಬೆರೆತ ಬೆಚ್ಚನೆಯ ಕಂದು ಬರುತ್ತದೆ. ಅದಕ್ಕೆ ಕಬ್ಬಿಣದ ನೀರು ಸೋಕಿದರೆ ತಂಪಾದ ಬೂದುಗಪ್ಪು. ಚೊಗರಿನ ಒಗರೂ ಕಬ್ಬಿಣವೂ ಸೇರಿದಾಗ ಆಗುವ ಮಾರ್ಪಾಟು ಅದು. ಸಿದ್ದಾಪುರ ದಾಟಿ ಸಾಗರದ ಕಡೆ ಹೋದರೆ ಹೆಗ್ಗೋಡಿನ ಪಕ್ಕ ಭೀಮನಕೋಣೆಯಲ್ಲಿ ‘ಚರಕ’ದ ಹೆಂಗಸರು ಚೊಗರಿನಿಂದಲೇ ಕೈಮಗ್ಗದ ಬಟ್ಟೆಗೆ ಬಣ್ಣ ಕಟ್ಟುತ್ತಾರೆ. ಮಂದ ಬಣ್ಣ ಒಪ್ಪುವವರು ಅಂಥ ಬಟ್ಟೆಯನ್ನೊಮ್ಮೆ ಗದ್ದದ ಕೆಳಗೆ ಹಿಡಿದು ನೋಡಬೇಕು. ಗಿರಣಿಯ ಬಣ್ಣಗಳಲ್ಲಿ ಸಿಗದ ತಣಿವು ಅದರಲ್ಲಿದೆ.

ಕಪ್ಪಗಿದ್ದವರು ತಿಳಿ ಬಣ್ಣ ಉಡಬೇಕು, ‘ಸ್ವಲ್ಪ ಬೆಳ್ಳಗೆ ಕಾಣ್ತಾರೆ’ ಎಂಬ ಉಪದೇಶ ಕೇಳದ ಹುಡುಗಿ ನಮ್ಮ ಸೀಮೆಯಲ್ಲಿ ಇದ್ದಾಳೆಯೇ? ಅದು ಶುದ್ಧ ತಪ್ಪು. ಹಾಲು ಸುರಿದಂಥ ತಿಳಿಗುಲಾಬಿ, ತಿಳಿಹಳದಿಗಳು ಗಾಢ ಚರ್ಮದ ಮೇಲೆ ಬೂದಿ ಬಳಿದಂತೆ ಕಾಣುತ್ತವೆ. ಮೇಘದ ಮೈಬಣ್ಣದ ಕೃಷ್ಣನಿಗೆ ಪೀತಾಂಬರ ಉಡಿಸಿದವರು ಬಣ್ಣ ಬಲ್ಲವರು. ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿಗಳನ್ನು ನೋಡಿ: ಹಳೆಯ ಸೀರೆ, ಅಂಗಿಗಳ ತುಂಡು, ಅಂಚಿನಿಂದ ಒಳಕ್ಕೆ ಸುತ್ತುತ್ತ ಬರುವ ಓಡುಹೊಲಿಗೆ, ಮೂಲೆಗಳಲ್ಲಿ ಮಡಿಚಿಟ್ಟ ‘ಫೂಲು’. ಅಚ್ಚಹಳದಿಯ ಪಕ್ಕ ಗಾಢ ನೇರಳೆ, ಅದರ ಪಕ್ಕ ಕೆಂಪು, ಯಾವುದೂ ಅಂಜಿಕೊಂಡು ಕೂತಿಲ್ಲ. ಗಾಢ ಮೈಬಣ್ಣಕ್ಕೆ ಅಚ್ಚ ಬಣ್ಣ ಎಷ್ಟು ಒಪ್ಪುತ್ತದೆ ಎಂದು ತಿಳಿಯಲು ಹೊದ್ದು ಕೂತವರನ್ನು ನೋಡಿದರೆ ಸಾಕು. ಹಾಗೆಂದು ಗಾಢ ಚರ್ಮವೆಲ್ಲ ಒಂದೇ ಅಲ್ಲ. ಅದರಲ್ಲೂ ಕೆಂಪು ಒಳಬಣ್ಣ ಇದೆ, ನೀಲಿ ಇದೆ, ಹೊನ್ನಿನದಿದೆ. ಎಲಿಸ್ ಮಾಂಕ್ ರೂಪಿಸಿ 2022ರಲ್ಲಿ ಗೂಗಲ್ ಬಳಕೆಗೆ ತಂದ ಹತ್ತು ಮೆಟ್ಟಿಲಿನ ಚರ್ಮದ ಅಳತೆಪಟ್ಟಿ ಕೂಡ ಗಾಢತೆಯನ್ನಷ್ಟೇ ಅಳೆಯುತ್ತದೆ. ಒಳಬಣ್ಣಕ್ಕೆ ಮತ್ತೆ ಜಗಲಿಗೇ ಬರಬೇಕು.

ಅಂಗಡಿಯಲ್ಲಿ

ಎಲ್‌ಇಡಿ ಬಲ್ಬಿನ ಡಬ್ಬಿಯ ಮೇಲೆ ಕೆಲ್ವಿನ್ ಎಂದು ಬರೆದಿರುತ್ತದೆ. 2700–3000 ಇದ್ದರೆ ಹಳದಿ ಬೆಳಕು, 6500 ಇದ್ದರೆ ನೀಲಿ ಬಿಳಿ. ಬಟ್ಟೆ ಅಂಗಡಿಗಳಲ್ಲಿ ಹೆಚ್ಚಾಗಿ ಬಿಳಿಯದೇ. ಬಂಗಾರದಂಗಡಿಗಳು ಹಳದಿ ಬೆಳಕು ಬೆರೆಸುತ್ತವೆ, ಯಾಕೆಂದು ಹೇಳಬೇಕಿಲ್ಲ. ಸೀರೆ ಮೆಚ್ಚಿದ ಮೇಲೆ ಬಾಗಿಲ ಬೆಳಕಿಗೆ ಒಯ್ದು ನೋಡುತ್ತೇನೆ ಅನ್ನಿ. ಬೇಡವೆನ್ನುವ ಅಂಗಡಿಯಲ್ಲಿ ಕೊಳ್ಳಬೇಡಿ. ಮದುವೆ ಜವಳಿಗೆ ಹುಬ್ಬಳ್ಳಿಗೆ ಹೋಗುವವರು ಬೆಳಗಿನ ಬಸ್ಸಿಗೇ ಹೊರಡುವುದು ಇದಕ್ಕೂ ಒಳ್ಳೆಯದು, ಸಂಜೆ ಆರರ ಮೇಲೆ ಆರಿಸಿದ ಸೀರೆ ಅದೃಷ್ಟದ ಮಾತು.

ಮ್ಯಾಚಿಂಗ್ ಸೆಂಟರಿನಲ್ಲಿ ಸರಿಹೊಂದಿದ ರವಿಕೆ ಕಣ ಬೀದಿಗೆ ಬಂದಾಗ ಬೇರೆಯೇ ಆಗುವುದು ನಿಮ್ಮ ಭ್ರಮೆಯಲ್ಲ. ಬೇರೆ ಬೇರೆ ಬಣ್ಣದ ಪುಡಿಯಿಂದ ಮಾಡಿದ ಎರಡು ಬಟ್ಟೆ ಒಂದು ಬೆಳಕಿನಲ್ಲಿ ಒಂದೇ ಥರ, ಇನ್ನೊಂದರಲ್ಲಿ ಬೇರೆ ಥರ ಕಾಣುತ್ತವೆ. ಹಾಗಾಗಿ ಎರಡು ಬೆಳಕಿನಲ್ಲಿ ನೋಡಿ, ಅದರಲ್ಲೂ ನೀವು ಉಡುವ ಸಮಾರಂಭದ ಬೆಳಕನ್ನು ನೆನೆದು ನೋಡಿ. ಯಕ್ಷಗಾನದ ಚೌಕಿಯವರಿಗೆ ಇದು ಹಳೆಯ ಪಾಠ. ದೊಂದಿ, ಗ್ಯಾಸ್‌ಲೈಟಿನ ಕಾಲದಲ್ಲಿ ಅರದಾಳ, ಇಂಗಳೀಕ, ಸಫೇತ ಬೆರೆಸಿ ಬಳಿದುಕೊಂಡ ಮುಖ ಹಗಲಿಗೆ ವಿಪರೀತ, ರಾತ್ರಿಯ ರಂಗಕ್ಕೆ ಹೇಳಿ ಮಾಡಿಸಿದ್ದು.

ಒಪ್ಪದ ಸೀರೆಗಳನ್ನು ಏನು ಮಾಡುವುದು? ಯಾರಿಗೂ ಕೊಡಬೇಡಿ. ಮುಖಕ್ಕೆ ಬಣ್ಣ ಚೆಲ್ಲುವುದು ಕೊರಳಿನಿಂದ ಒಂದು ಗೇಣಿನ ಒಳಗಿನ ಬಟ್ಟೆ. ಸೀರೆಯಲ್ಲಿ ಅದು ರವಿಕೆ ಮತ್ತು ಹೆಗಲ ಸೆರಗು, ಅಷ್ಟೇ. ರವಿಕೆ ಬದಲಿಸಿ, ಕೊರಳು ತುಸು ಮೇಲಕ್ಕೆ ಹೊಲಿಸಿ, ಸೆರಗನ್ನು ಮಡಿಕೆ ಹಿಡಿದು ಪಿನ್ ಮಾಡಿ ಅಂಚು ಮುಖದ ಕಡೆ ಬರುವಂತೆ ನೋಡಿಕೊಳ್ಳಿ. ಇಳಕಲ್ ಸೀರೆ ಅಷ್ಟೊಂದು ಜನರಿಗೆ ಒಪ್ಪುವ ಗುಟ್ಟು ಇದರಲ್ಲಿದೆ ಎಂದು ನನ್ನ ಗುಮಾನಿ. ಮೈ ಯಾವ ಬಣ್ಣದ್ದಾದರೂ ಟೋಪು ತೆಣಿಯ ಸೆರಗು ಕೆಂಪು-ಬಿಳಿಯದೇ, ಹೆಗಲ ಮೇಲೆ ಬಂದು ಕೂರುವುದು ಆ ಕೆಂಪು. ಗಂಡಸರಿಗೆ ಕೆಲಸ ಸುಲಭ, ಅಂಗಿಯ ಕಾಲರ್ ಒಂದನ್ನು ಸರಿಮಾಡಿಕೊಂಡರೆ ಮುಗಿಯಿತು, ಪಂಚೆಯುಟ್ಟಾಗ ಶಲ್ಯ.

ತಲೆ ನರೆತಾಗ ಪರೀಕ್ಷೆಯನ್ನು ಹೊಸದಾಗಿ ಮಾಡಿ. ಕೂದಲು ಬೆಳ್ಳಗಾದರೆ ಮುಖದ ಅಂತರ ಕುಗ್ಗುತ್ತದೆ, ಮೂವತ್ತರಲ್ಲಿ ಒಪ್ಪಿದ ಕಡುಗಪ್ಪು ಅರವತ್ತರಲ್ಲಿ ಮುಖದ ಗೆರೆಗಳನ್ನೆಲ್ಲ ಎಣಿಸಿ ತೋರಿಸುತ್ತದೆ. ಅದನ್ನು ತಪ್ಪಿಸಲು ಕೂದಲಿಗೆ ಕಡುಗಪ್ಪು ಬಣ್ಣ ಹಾಕುತ್ತಾರೆ. ಚರ್ಮ ಮೆದುವಾಗಿ, ಕೂದಲು ಮಾತ್ರ ಇಪ್ಪತ್ತರದ್ದಾಗಿ ಉಳಿದು, ಎರಡೂ ಒಂದೇ ಮುಖದ್ದಲ್ಲವೆನಿಸುತ್ತದೆ. ಹಾಕಲೇಬೇಕೆಂದರೆ ಕಂದು ಬೆರೆತದ್ದನ್ನು ಹಾಕಿ. ದೊಡ್ಡಾಯಿ ಏನೂ ಹಾಕುವುದಿಲ್ಲ. ಮೊದಲೆಲ್ಲ ಎಲೆಹಸಿರು ಬಿಟ್ಟರೆ ಬೇರೆ ಉಡದವಳು ಈಗ ಹೊಗೆ ಬಣ್ಣಕ್ಕೆ ಬಂದಿದ್ದಾಳೆ. ಯಾರೂ ಹೇಳಿಕೊಟ್ಟದ್ದಲ್ಲ.

ಕೊನೆಗೆ ಒಂದು ಉಪಾಯ. ನಿಮಗೆ ಒಪ್ಪಿದ ರವಿಕೆ ಹೊಲಿಸುವಾಗ ಉಳಿದ ತುಂಡನ್ನು ದರ್ಜಿಯಿಂದ ಕೇಳಿ ತನ್ನಿ. ಬೆರಳಗಲ ಕತ್ತರಿಸಿ, ದೊಡ್ಡ ಪಿನ್ನಿಗೆ ಒಂದೊಂದಾಗಿ ಪೋಣಿಸಿ ಪರ್ಸಿನಲ್ಲಿಡಿ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ, ಬಿಡಕಿಬೈಲಿನ ಗದ್ದಲದಲ್ಲಿ, ಕಣ್ಣು ಕೋರೈಸುವ ದೀಪದಡಿ ಬಣ್ಣ ಮರೆತುಹೋದರೆ ಈ ತುಂಡುಗಳ ಪಕ್ಕ ಹಿಡಿದು ನೋಡಬಹುದು. ನನ್ನ ಪಿನ್ನಿನಲ್ಲಿ ಈಗ ಹನ್ನೊಂದು ತುಂಡುಗಳಿವೆ: ಅಡಿಕೆಗೆಂಪು, ಸಾಸಿವೆ, ಎರಡು ಥರದ ನವಿಲು, ಹೀಗೆ. ಕೊಟ್ಟಕೊನೆಯದು ಪೀಚ್. ಅಂಗಡಿಯವನು ಹೊಸ ಸೀರೆ ಬಿಚ್ಚಿದಾಗ ನಾನು ಮೊದಲು ಹಿಡಿದು ನೋಡುವುದು ಅದನ್ನೇ.